ಬಕೆಟ್ಟಿನ ಮೂವತ್ತೊಂದು ಎಳೆ

ವೇಣುಗೋಪಾಲ್ ಅವರ ಮಗನ ಆರತಕ್ಷತೆಯಲ್ಲಿ ಕೋದಂಡರಾಮಯ್ಯನವರ ಎದೆ ಒಡೆಯಿತು. ಒಡೆದದ್ದು ಎದೆಯಲ್ಲ, ಅದರ ಮೇಲಿನ ಜೇಬಿನಲ್ಲಿದ್ದ ಮೂರು ಚೆರ್ರಿ ಟೊಮೆಟೊ. ಕೋಸಂಬರಿಯ ಸುತ್ತ ಅಲಂಕಾರಕ್ಕೆ ಇಟ್ಟಿದ್ದವನ್ನು ಬೀಜಕ್ಕೆಂದು, ಯಾರೂ ನೋಡದಂತೆ ಜೇಬಿಗಿಳಿಸಿದ್ದರು. ಇವರು ನೇಯ್ದ ಸೀರೆಗಳನ್ನು ಮೂವತ್ತು ವರ್ಷದಿಂದ ಕೊಳ್ಳುತ್ತಿರುವ ವೇಣುಗೋಪಾಲ್ ಪ್ರೀತಿಯಿಂದ ಬಿಗಿದಪ್ಪಿದರು. ಬಿಳಿ ಅಂಗಿ ಕೆಂಪಾಯಿತು. "ಅಯ್ಯೋ, ರಕ್ತ!" ಎಂದು ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ಆಂಬ್ಯುಲೆನ್ಸ್ ಕರೆಯಲು ಫೋನ್ ತೆಗೆದರು. ಕೊನೆಗೆ ಜೇಬಿನಿಂದ ಸಿಪ್ಪೆ ತೆಗೆದು ತೋರಿಸಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ರುಕ್ಮಿಣಮ್ಮನವರಿಗೆ, ಆ ಆಂಬ್ಯುಲೆನ್ಸ್ ತಮಗಾದರೂ ಬರಬಾರದೇ ಅನ್ನಿಸಿತು.

ಮನೆಗೆ ಬಂದ ಕೋದಂಡರಾಮಯ್ಯ ಅಂಗಿಯನ್ನು ಒಗೆಯಲು ಕೊಡಲಿಲ್ಲ. ಜೇಬಿನಿಂದ ಬೀಜ ಬಿಡಿಸಿ, ತೊಳೆದು, ಸೀರೆಯ ತುಂಡಿನ ಮೇಲೆ ಒಣಗಿಸಿ, ತಾರಸಿಯ ಹಳೇ ಪೇಂಟ್ ಬಕೆಟ್ಟಿಗೆ ಹಾಕಿದರು. ಮೂವತ್ತೊಂದು ಸಸಿ ಎದ್ದವು.

ರುಕ್ಮಿಣಮ್ಮ ಗಡುವು ಕೊಟ್ಟರು. "ಸಂಕ್ರಾಂತಿಯೊಳಗೆ ಒಂದು ಹೂವಾದ್ರೂ ತೋರ್ಸಿ. ಇಲ್ದಿದ್ರೆ ಬಿಸಿಲು ಬೀಳೋ ಆ ಮೂಲೆ ನನ್ನ ಸಂಡಿಗೆಗೆ, ನಿಮ್ಮ ಕಳ್ಳ ಬೀಜ ತಿಪ್ಪೆಗೆ."

ಊರಾಚೆ ತರಕಾರಿ ಬೆಳೆಯುವ ಪಕ್ಕದ ಮನೆಯ ಬೈರಣ್ಣ ಬಕೆಟ್ ನೋಡಿ ನಕ್ಕ. "ಏನ್ ಕೋದಂಡಣ್ಣ, ದೊಡ್ಡಬಳ್ಳಾಪುರದ ಬೆಳಗಿನ ಬಸ್ಸಲ್ಲಿ ಜನ ನಿಂತಂಗೆ ನಿಂತವಲ್ಲ! ಗಟ್ಟಿಯಾಗಿರೋವು ಎರಡು ಬಿಟ್ಟು ಮಿಕ್ಕಿದ್ದು ಕಿತ್ತಾಕು."

"ಕೀಳೋದಾ?"

"ಇಲ್ಲಾ ಬೇರೆ ಬಕೆಟ್ಟಿಗೆ ಹಾಕು."

"ಇನ್ನೊಂದು ಬಕೆಟ್ ತಾರಸಿ ಹತ್ತಿದ್ರೆ ನಾನು ಇಳೀತೀನಿ," ಎಂದರು ರುಕ್ಮಿಣಮ್ಮ. "ಸೀದಾ ಬೂದಿಗೆರೆಗೆ, ನಮ್ಮಣ್ಣನ ಮನೆಗೆ."

ಕೋದಂಡರಾಮಯ್ಯ ಕೀಳಲಿಲ್ಲ. ಮನೆಯ ಕೆಳಗೆ ನಾಲ್ಕು ಪವರ್‌ಲೂಮ್ ನಡೆಸುವ ಮನುಷ್ಯ. ಹಾಸಿನ ಉದ್ದ ದಾರಗಳಲ್ಲಿ ಒಂದೆಳೆ ತುಂಡಾದರೂ ಮಗ್ಗ ನಿಲ್ಲಿಸಿ ಗಂಟು ಹಾಕಿ ಅಭ್ಯಾಸವೇ ಹೊರತು, ಇರುವ ಎಳೆಯನ್ನು ಕಿತ್ತದ್ದಿಲ್ಲ. ದಾರವಾದರೂ ಎಳೆಯೇ, ಸಸಿಯಾದರೂ ಎಳೆಯದೇ. ಬಾಗಿದ್ದಕ್ಕೆಲ್ಲ ಒಂದೊಂದು ಕಡ್ಡಿ ನೆಟ್ಟು, ರೇಷ್ಮೆ ದಾರದಲ್ಲಿ ಗಂಟು ಹಾಕಿದರು. ಸಸಿಗಳು ಒಂದನ್ನೊಂದು ನೂಕಾಡುತ್ತ, ಬಡಕಲಾಗಿ ಬೆಳೆದವು. ಹೂವಿನ ಸುಳಿವಿಲ್ಲ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಹುಡುಕಿ, ಬರಿಗೈಯಲ್ಲಿ ಇಳಿಯುವ ಗಂಡನನ್ನು ಕಂಡು ರುಕ್ಮಿಣಮ್ಮನವರಿಗೂ ಒಳಗೊಳಗೇ ಕಸಿವಿಸಿ. ಆದರೆ ಕೊಟ್ಟ ಮಾತು ಕೊಟ್ಟದ್ದೇ.

ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ಸುಮ್ಮನಾದವು. ರುಕ್ಮಿಣಮ್ಮ ಎಳ್ಳಿಗೆಂದು ಕೊಬ್ಬರಿ ಹೆಚ್ಚುತ್ತಿದ್ದರು. ಕೋದಂಡರಾಮಯ್ಯ ತಾರಸಿಯ ಮೆಟ್ಟಿಲು ಹತ್ತಿದರು. ಆಮೇಲೆ ಮಗ್ಗದ ಸದ್ದು ಮತ್ತೆ ಶುರುವಾದಾಗ, ಮಣ್ಣು ಮೆತ್ತಿದ ಕೈಯಲ್ಲೇ ದಡದಡ ಇಳಿದು ಹೋದರು.

ಸಂಜೆ ರುಕ್ಮಿಣಮ್ಮ ಮೇಲೆ ಹೋಗಿ ನೋಡಿದರೆ, ಬಕೆಟ್ಟಿನಲ್ಲಿ ಎರಡೇ ಗಿಡ. ಇಪ್ಪತ್ತೊಂಬತ್ತು ಸಸಿಗಳು ರೇಷ್ಮೆ ಗಂಟಿನ ಸಮೇತ ನೆಲದ ಮೇಲೆ. ಒಂದೆಳೆ ಕೀಳದ ಮನುಷ್ಯ, ನನ್ನ ಗಡುವಿಗಾಗಿ ಎಷ್ಟು ಸಂಕಟಪಟ್ಟು ಕಿತ್ತರೋ! ಗಡುವನ್ನು ಯುಗಾದಿಗೆ ದೂಡಿದರು. ಸಂಡಿಗೆಯನ್ನು ನೆರಳಿನ ಮೂಲೆಗೆ ಸರಿಸಿದರು. ಅದು ಒಣಗಲು ನಾಲ್ಕು ದಿನ ಹೆಚ್ಚು ಹಿಡಿಯಿತು, ಅವರು ಚಕಾರವೆತ್ತಲಿಲ್ಲ. ಬೀದಿಯವರಿಗೆಲ್ಲ, "ನೇಕಾರನ ಕಣ್ಣು ಅಂದ್ರೆ ಸುಮ್ನೇನಾ? ಮೂವತ್ತೊಂದರಲ್ಲಿ ಸರಿಯಾದ ಎರಡನ್ನೇ ಉಳಿಸಿದ್ರು," ಎಂದು ಹೇಳಿಕೊಂಡು ಬಂದರು.

ಯುಗಾದಿಯ ಹೊತ್ತಿಗೆ ಗಿಡಗಳ ತುಂಬ ಕೆಂಪು ಗೊಂಚಲು. ಹಬ್ಬಕ್ಕೆ ಸೀರೆ ಒಯ್ಯಲು ಬಂದ ವೇಣುಗೋಪಾಲ್ ಮುಂದೆ ರುಕ್ಮಿಣಮ್ಮ ಒಂದು ಬಟ್ಟಲು ಹಣ್ಣಿಟ್ಟು, ತ್ಯಾಗದ ಕಥೆಯನ್ನು ಮೊದಲಿಂದ ಹೇಳಿದರು. ವೇಣುಗೋಪಾಲ್ ಹಣ್ಣು ಬಾಯಿಗೆ ಹಾಕಿಕೊಂಡು ತಲೆದೂಗಿದರು.

"ಅಷ್ಟರಲ್ಲಿ ಇವೆರಡೇ ಉಳೀಬೇಕು ಅಂತ ಹೆಂಗೆ ಆರಿಸಿದ್ರಿ, ಕೋದಂಡರಾಮಯ್ಯನೋರೇ?"

"ಆರಿಸೋದೇನ್ ಬಂತು ಸ್ವಾಮಿ," ಎಂದರು ಕೋದಂಡರಾಮಯ್ಯ, ಸೀರೆ ಮಡಿಸುತ್ತಲೇ. "ಗಡುವು ಮುಗೀತಲ್ಲ, ಎಲ್ಲಾ ಕಿತ್ತು ಬಿಸಾಕೋಣ ಅಂತ ಕೂತಿದ್ದೆ. ಎರಡು ಬಾಕಿ ಇತ್ತು, ಅಷ್ಟರಲ್ಲಿ ಕರೆಂಟ್ ಬಂದ್ಬಿಡ್ತು."