ಹಾಡು ಮುಗಿಯುವ ತನಕ ಉಣ್ಣದ ಅತ್ತೆ

ತುತ್ತು ಕಟ್ಟಿದ ಬಲಗೈ ತಾಟಿನ ಮೇಲೆ ಗೇಣು ಎತ್ತರದಲ್ಲಿ ಹಾಗೆಯೇ ನಿಂತಿರುತ್ತಿತ್ತು. ಬೆರಳಿಗೆ ಮೆತ್ತಿದ ಅನ್ನ ಒಣಗಿ ಬೆಳ್ಳಗಾಗುತ್ತಿತ್ತು. ಎಡಗೈಯ ಹಸಿರು ಬಳೆಗಳು ಸದ್ದು ಮಾಡಬಾರದೆಂದು ಅವನ್ನು ಮೊಣಕೈ ಕಡೆಗೆ ಸರಿಸಿ ಸೆರಗಿನಿಂದ ಒತ್ತಿ ಹಿಡಿದಿರುತ್ತಿದ್ದರು. ಹೋಟೆಲಿನ ಅಂಗಳದ ಸಣ್ಣ ವೇದಿಕೆಯ ಮೇಲೆ ಹುಡುಗಿ ಹಾಡು ಮುಗಿಸಿ ನೀರಿನ ಬಾಟಲಿಗೆ ಕೈ ಹಾಕಿದ ಮೇಲೆಯೇ ಆ ತುತ್ತು ಬಾಯಿಗೆ ಹೋಗುತ್ತಿತ್ತು. ಸುತ್ತಲಿನ ಟೇಬಲ್ಲುಗಳಲ್ಲಿ ಚಮಚದ ಸದ್ದು, ನಗು, ಮಕ್ಕಳ ಹಟ, ಮೊಬೈಲ್ ಫೋಟೊ ಎಲ್ಲ ನಡೆದೇ ಇರುತ್ತಿದ್ದವು. ನಮ್ಮ ಅತ್ತೆಗೆ ಅದು ಯಾವುದರ ಪರಿವೆಯೂ ಇರುತ್ತಿರಲಿಲ್ಲ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ತವರು ಬಬಲೇಶ್ವರ, ಕೊಟ್ಟದ್ದು ತಿಕೋಟಾಕ್ಕೆ. ಊರ ಹೊರಗೆ ಕನಮಡಿ ದಾರಿಯಲ್ಲಿ ನಮ್ಮ ದ್ರಾಕ್ಷಿ ತೋಟ, ಅದರ ಪಕ್ಕದಲ್ಲೇ ಹಣ್ಣು ಒಣಗಿಸಿ ಮಣೂಕ ಮಾಡುವ ಶೆಡ್ಡು. ಹಂಗಾಮಿನಲ್ಲಿ ಶೆಡ್ಡಿನ ಇಡೀ ಉಸ್ತುವಾರಿ ಅವರದೇ. ಆಳುಗಳ ಮೇಲೆ ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಸುಮ್ಮನೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೆಲಸ ತಾನಾಗಿ ಸರಿಹೋಗುತ್ತಿತ್ತು. ಸೊಸೆಯಾದ ನನಗೂ ಮೊದಮೊದಲು ಅದೇ ಭಯವಿತ್ತು, ಎಲ್ಲಿ ಬಂದು ಪಕ್ಕದಲ್ಲಿ ನಿಂತುಬಿಡುತ್ತಾರೋ ಎಂದು.

ಆ ಭಯ ಹೋದದ್ದು ಒಂದು ಹಲ್ಲಿನಿಂದ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಹಲ್ಲಿನ ದವಾಖಾನೆ ಇದೆ. ಮದುವೆಯಾದ ಹೊಸತರಲ್ಲಿ ಒಂದು ಶನಿವಾರ ಅತ್ತೆ ದವಡೆ ಹಿಡಿದುಕೊಂಡು ಅಲ್ಲಿಗೆ ಬಂದರು. ಸೊಸೆಯ ಕೈಗೆ ಬಾಯಿ ಕೊಡುವುದೆಂದರೆ ಸಣ್ಣ ಧೈರ್ಯವಲ್ಲ. ಕುರ್ಚಿಯಲ್ಲಿ ಒರಗಿ, "ಏನ ಸಿಟ್ಟಿದ್ರೂ ಇವತ್ತ ತೀರಿಸ್ಕೊಂಡ ಬಿಡು ಡಾಕ್ಟರವ್ವಾ. ಮನ್ಯಾಗ ಮತ್ತ ತಗೀಬ್ಯಾಡ," ಎಂದು ಬಾಯಿ ತೆರೆದರು. ನನಗೆ ನಗು ಬಂತು. ಹುಳುಕು ತೆಗೆದು ಹಲ್ಲು ತುಂಬಿ, ಎರಡು ದಿನ ರೊಟ್ಟಿ ಕಡಿಯಬಾರದು ಎಂದೆ. "ರೊಟ್ಟಿ ಬಿಟ್ರ ನಮ್ಮನ್ಯಾಗ ಏನೈತಿ?" ಎಂದರು. ಬಾಯಿಯ ಜೋಮು ಇಳಿಯಲೆಂದು ದವಾಖಾನೆ ಮುಚ್ಚುವ ತನಕ ಕೂರಿಸಿಕೊಂಡು, ಏನಾದರೂ ಮೆತ್ತಗಿನದು ಉಣ್ಣಿಸೋಣವೆಂದು ಹೊಸದಾಗಿ ಆಗಿದ್ದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಅದರ ಹಿಂದಿನ ಹುಲ್ಲಿನ ಅಂಗಳದಲ್ಲಿ ಶನಿವಾರ ಸಂಜೆ ಹಾಡು ಇರುತ್ತದೆಂಬುದು ನನಗೂ ಗೊತ್ತಿರಲಿಲ್ಲ.

ಇಬ್ಬರು ಹೆಂಗಸರು ಬಂದರೆಂದು ವೇಟರ್ ನಮ್ಮನ್ನು ನೆಟ್ಟಗೆ ಫ್ಯಾಮಿಲಿ ರೂಮಿಗೆ ಒಯ್ದ. ಪ್ಲೈವುಡ್ಡಿನ ಗೋಡೆ, ಮುಂದೊಂದು ಪರದೆ. ಅಂಗಳದಿಂದ ಹಾರ್ಮೋನಿಯಂ ದನಿಯ ಕೀಬೋರ್ಡು ಕೇಳಿಸಿತು, ಹಿಂದೆಯೇ ಒಂದು ಹೆಣ್ಣುದನಿ. ಅತ್ತೆ ನೀರಿನ ಗ್ಲಾಸು ಕೆಳಗಿಟ್ಟು ಎದ್ದೇಬಿಟ್ಟರು.

"ಯಾಕ ಅತ್ತೀ?"

"ಬಾಗಲಾ ಹಿಂದ ನಿಂತ ಹಾಡ ಕೇಳಿದ್ದು ಸಾಕಾಗೇತಿ. ಹೊರಗ ಕುಂದ್ರೂಣು ಬಾ."

ಆ ಮಾತಿನ ಅರ್ಥ ಆಮೇಲೆ ತಿಳಿಯಿತು. ಬಬಲೇಶ್ವರದಲ್ಲಿ ಅವರ ತಂದೆ ಭಜನೆ ಮೇಳದವರು. ಮನೆಯ ಪಡಸಾಲೆಯಲ್ಲಿ ಮೇಳ ಕೂಡುತ್ತಿತ್ತು. ಹೆಣ್ಣುಮಕ್ಕಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಬೇಕು, ಮುಂದೆ ಬರುವಂತಿಲ್ಲ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೆ ನಿಂತು ಕೇಳಲು ಆ ಬಾಗಿಲೂ ಇಲ್ಲ. ನಮ್ಮ ಮಾವನವರಿಗೆ ಹಾಡೆಂದರೆ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ಶುರುವಾಗುವ ಏನೋ ಒಂದು. ಅದು ಶುರುವಾಯಿತೆಂದರೆ ಕಿವಿ ಹಿಂಡಿ ಬಂದ್ ಮಾಡುವುದು. ಹೀಗಾಗಿ ಅಂದು ಅತ್ತೆ ವೇದಿಕೆಗೆ ತೀರ ಹತ್ತಿರದ ಟೇಬಲ್ಲು ಹಿಡಿದು ಕೂತವರು, ಅಂಗಳ ಖಾಲಿಯಾಗುವ ತನಕ ಏಳಲಿಲ್ಲ. ನನ್ನ ಗಂಡ ಕಾರು ತಂದು ಹೊರಗೆ ಕಾದು ಕಾದು ಬೇಸತ್ತಿದ್ದ.

ಮುಂದಿನ ಶನಿವಾರ ಅವರು ಮತ್ತೆ ಹೊರಟಾಗ, ಹಲ್ಲು ತೋರಿಸಬೇಕಿದೆ ಎಂದು ಮನೆಯಲ್ಲಿ ಹೇಳಿದರಾಯಿತು ಎಂದೆ. ಅತ್ತೆ ಒಪ್ಪಲಿಲ್ಲ. "ಹಲ್ಲಿನ ಹೆಸರ ಯಾಕ ಕೆಡಸ್ತಿ? ಹಾಡಿಗೆ ಹೊಂಟೇನಿ ಅಂತನ ಹೇಳ್ತೀನಿ." ಮಾವನ ಎದುರಿಗೆ ಹೋಗಿ ಹಾಗೆಯೇ ಹೇಳಿದರು. ಮಾವ ತಲೆ ಎತ್ತಿ ನೋಡಿ, "ಹೋಗಿ ಬಾ. ಲಗೂನ ಬಾ," ಎಂದರು, ಅಷ್ಟೇ.

ಊಟದಲ್ಲಿ ಅತ್ತೆಗೆ ಮಕ್ಕಳಂಥ ಆಸೆ. ಮೆನು ಕಾರ್ಡು ನನ್ನ ಕೈಯಿಂದ ಕಸಿದು ತಾವೇ ಓದುತ್ತಿದ್ದರು. ಇಡ್ಲಿ ಹೇಳಲೇ, ಪುಲಾವ್ ಹೇಳಲೇ ಎಂದರೆ, "ಗೊತ್ತಿದ್ದದ್ದು ಮನ್ಯಾಗ ಐತಿ. ಗೊತ್ತಿಲ್ಲದ್ದು ತರಸು," ಎನ್ನುತ್ತಿದ್ದರು. ಗೋಬಿ ಮಂಚೂರಿ ಮೆಚ್ಚಿದರು. ನೂಡಲ್ಸನ್ನು ಶಾವಿಗೆಗೆ ಮಾಡಿದ ಮೋಸ ಎಂದರು. ತಂದೂರಿ ರೊಟ್ಟಿಯನ್ನು ಎರಡೂ ಕೈಯಿಂದ ಎಳೆದು ನೋಡಿ, "ಇದನ್ನ ತಿನಿಸಿದ್ರ ನಿನ್ನ ದವಾಖಾನಿ ಭರ್ಜರಿ ನಡೀತೈತಿ," ಎಂದರು. ಆದರೆ ಏನೇ ತರಿಸಲಿ, ಹಾಡು ಶುರುವಾದರೆ ಕೈ ನಿಲ್ಲುತ್ತಿತ್ತು. ಅನ್ನವಾದರೆ ತುತ್ತು ಕೈಯಲ್ಲೇ, ಬೇರೆಯದಾದರೆ ತಾಟು ಮುಂದಕ್ಕೆ ಸರಿಯುತ್ತಿತ್ತು. ತಂದದ್ದೆಲ್ಲ ಆರಿ ತಣ್ಣಗಾಗಿ, ವೇಟರ್ ಮತ್ತೆ ಮತ್ತೆ ಒಳಗೊಯ್ದು ಬಿಸಿ ಮಾಡಿಸಿ ತರುತ್ತಿದ್ದ.

ಒಂದು ಶನಿವಾರ ಹಾಡುವ ಹುಡುಗಿ ಬಿಡುವಿನಲ್ಲಿ ನಮ್ಮ ಟೇಬಲ್ಲಿಗೇ ಬಂದಳು. ಮುಖ ಸಣ್ಣದಾಗಿತ್ತು.

"ಅವ್ವಾರ, ಒಂದ ಮಾತ ಕೇಳ್ಲೇನ್ರಿ? ನಾ ಹಾಡಾಕ ಸುರು ಮಾಡಿದ ಕೂಡ್ಲೇ ನೀವು ತಾಟ ಸರಸ್ತೀರಿ. ನಾ ಮುಗಿಸಿದ್ನಂದ್ರ ಉಣ್ಣಾಕ ಹತ್ತೀರಿ. ಪ್ರತಿ ವಾರ ನೋಡಾಕತ್ತೇನಿ. ಅಷ್ಟ ಕೆಟ್ಟ ಹಾಡ್ತೀನೇನ್ರಿ?"

ಅತ್ತೆ ಕಕ್ಕಾಬಿಕ್ಕಿ. ಎಡಗೈಯಿಂದ ಅವಳ ಮೊಣಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಯವ್ವಾ, ಎಂಥಾ ಮಾತಾಡಿದಿ! ಹಾಡಾವ್ರು ಮಂಗಳಾರತಿ ಆಗೂತನಾ ಹಸದ ಇರ್ತಾರ. ಅವರ ಮುಂದ ನಾವು ಬಾಯಾಡಸ್ತೀವೇನು? ನಮ್ಮಪ್ಪ ಬಡದ ಹಾಕತಿದ್ದ." ಆಮೇಲೆ ತಗ್ಗಿದ ದನಿಯಲ್ಲಿ, "ನೀ ಉಂಡಿಯೇನು?" ಎಂದು ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು. ಉಣ್ಣುವವರ ನಡುವೆ ಹಾಡಿ ಹಾಡಿ ರೂಢಿಯಾದವಳಿಗೆ ಒಬ್ಬರು ತನಗಾಗಿ ಉಣ್ಣದೆ ಕೂರುತ್ತಾರೆಂಬುದು ಹೊಳೆದಿರಲೇ ಇಲ್ಲ. ಅಂದಿನಿಂದ ಎರಡು ಹಾಡಿನ ನಡುವೆ ಸ್ವಲ್ಪ ಹೆಚ್ಚು ತಡೆಯುತ್ತಿದ್ದಳು. ಅತ್ತೆ ಗಡಿಬಿಡಿಯಿಂದ ನಾಲ್ಕು ತುತ್ತು ನುಂಗಿ, ಆಯಿತೆಂದು ಕೈಸನ್ನೆ ಮಾಡುತ್ತಿದ್ದರು. ಕೀಬೋರ್ಡಿನವನು ನಗುತ್ತಿದ್ದ.

ಇಷ್ಟೆಲ್ಲ ಇದ್ದರೂ ಅತ್ತೆಗೆ ಒಂದು ಕೊರಗಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. "ಇಷ್ಟ ವರ್ಷ ಸಂಸಾರ ಮಾಡೇವಿ. ಇಬ್ರೂ ಕೂಡಿ ಒಂದ ಹಾಡ ಕೇಳಿಲ್ಲ ನೋಡು. ಮನಿಗೆ ಹೋಗಿ ಹಿಂಗ ಹಾಡಿದ್ಲು ಅಂದ್ರ ಹೂಂ ಅಂತಾರ. ಹಾಡನ್ನ ಬಾಯಿಲೆ ಹೇಳಿದ್ರ ತಿಳೀತೈತೇನು? ಒಂದ ಸಲಾ ಬಾಜೂಕ ಬಂದ ಕುಂತಿದ್ರ ಸಾಕಾಗಿತ್ತು."

ಮಾವ ಕೆಟ್ಟವರಲ್ಲ. ಆದರೆ ಮಾರುವ ಅನ್ನ ಉಣ್ಣುವುದಿಲ್ಲವೆಂದು ಚಿಕ್ಕಂದಿನಲ್ಲಿ ತಮ್ಮ ತಂದೆಗೆ ಮಾತು ಕೊಟ್ಟವರು. ಸಾಂಗಲಿಯ ಪೇಟೆಗೆ ಮಣೂಕ ಒಯ್ದಾಗಲೂ ಬುತ್ತಿ ಕಟ್ಟಿಕೊಂಡೇ ಹೋಗುವವರು. ಹೊರಗಿನ ಚಹಾ ಸಹ ಮುಟ್ಟುವವರಲ್ಲ. ಆಡಿದ ಮಾತು ಆಡಿದಂತೆ. ತಿಕೋಟಾದಲ್ಲಿ ಅವರ ಹೆಸರು ನಡೆಯುವುದೇ ಅದರ ಮೇಲೆ. ಉಣ್ಣಬೇಡಿ, ಬರೀ ಕೇಳಲು ಬನ್ನಿ ಎಂದು ಅತ್ತೆ ಕರೆದರೆ, "ಉಣ್ಣೂ ಮಂದಿ ನಡುವ ಬರೇ ಬಾಯಿಲೆ ಕುಂತರ ಯಾರರ ಏನಂದಾರು?" ಎನ್ನುತ್ತಿದ್ದರು. ಅದೂ ನಿಜವೇ.

ಕೊನೆಗೆ ಅತ್ತೆ ಹೋಟೆಲಿನ ಮ್ಯಾನೇಜರನ್ನೇ ಹಿಡಿದರು. ಹೊರಗಿನ ತಿಂಡಿ ತರಬಾರದೆಂಬ ಬೋರ್ಡು ಅವನ ತಲೆಯ ಮೇಲೆಯೇ ಇತ್ತು. "ನಮ್ಮನಿಯವ್ರು ಮಾರೂ ಅನ್ನ ಉಣ್ಣೂದಿಲ್ರಿ. ತಮ್ಮ ಬುತ್ತಿ ತಾವು ತರ್ತಾರ. ಒಂದ ಸಲಾ ಬಿಚ್ಚಾಕ ಬಿಡ್ರಿ," ಎಂದರು. ಅವನು, "ತರ್ಲಿ ಬಿಡ್ರಿ ಅವ್ವಾರ. ಬಾಜೂ ಟೇಬಲ್ಲಿನವ್ರಿಗೆ ಮಾತ್ರ ಕೊಡಬ್ಯಾಡ್ರಿ, ನಮ್ಮ ಊಟಾ ಯಾರೂ ಮುಟ್ಟೂದಿಲ್ಲ ಮತ್ತ," ಎಂದ. ಅತ್ತೆ ಅಂದು ದಾರಿಯುದ್ದಕ್ಕೂ ಆ ಮಾತು ನೆನೆನೆನೆದು ನಕ್ಕರು. ಮರುದಿನ ಶೆಡ್ಡಿನಲ್ಲಿ ಮಾವನಿಗೆ ವಿಷಯ ಹೇಳಿದರು. ಮಾವ ಒಣಗಿದ ಗೊಂಚಲೊಂದನ್ನು ಕೈಯಲ್ಲಿ ತಿರುವುತ್ತ, "ಮಣೂಕದ ಕೆಲಸ ಮುಗೀಲಿ, ಬರ್ತೀನಿ. ಒಂದ ಸಲಾ," ಎಂದರು.

ಆ ಬೇಸಿಗೆಯಲ್ಲಿ ಶೆಡ್ಡಿನ ಕೆಲಸ ಎಂದಿಗಿಂತ ಬೇಗ ಮುಗಿಯಿತೆಂದು ನನಗೆ ಈಗಲೂ ಅನಿಸುತ್ತದೆ. ಹೊರಡುವ ದಿನ ಅತ್ತೆ ಇಳಕಲ್ ಸೀರೆ ಉಟ್ಟರು. ಬುತ್ತಿಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಕಟ್ಟಿದರು. ಮಾವ ಬಿಳಿ ಧೋತರ, ಟೋಪಿಯಲ್ಲಿ ಮುಂದಿನ ಸೀಟಿನಲ್ಲಿ ಮದುವೆಗೆ ಹೊರಟವರಂತೆ ಕೂತರು. ಅತ್ತೆ ತೊರವಿ ದಾಟುವ ತನಕ ಆ ಹುಡುಗಿಯ ದನಿಯನ್ನು ವರ್ಣಿಸಿದರು. ಆಮೇಲೆ ತಾವೇ, "ಸಾಕ ಬಿಡ್ರಿ, ಇನ್ನ ಕೇಳೇ ಕೇಳ್ತೀರೆಲ್ಲಾ," ಎಂದು ನಿಲ್ಲಿಸಿದರು.

ಅಂಗಳದಲ್ಲಿ ವೇದಿಕೆ ಇತ್ತು, ಹಾಡುವವರು ಇರಲಿಲ್ಲ. ಅವರ ಜಾಗದಲ್ಲಿ ದೊಡ್ಡ ಬಿಳಿ ಪರದೆ ಕಟ್ಟಿ ಕ್ರಿಕೆಟ್ ಹಚ್ಚಿದ್ದರು. ಹುಡುಗರು ಕುರ್ಚಿಯ ಮೇಲೆ ನಿಂತು ಕೂಗುತ್ತಿದ್ದರು. ನಮ್ಮನ್ನು ಬಲ್ಲ ವೇಟರ್ ಓಡಿ ಬಂದು, "ಇವತ್ತ ದೊಡ್ಡ ಮ್ಯಾಚ್ ಐತ್ರಿ ಅವ್ವಾರ. ಹಾಡ ಇಲ್ರಿ. ಅವ್ರಿಗೆ ಬರಬ್ಯಾಡ್ರಿ ಅಂತ ಮಧ್ಯಾಹ್ನನ ಹೇಳಿಬಿಟ್ಟಾರ," ಎಂದ. ಅತ್ತೆಯ ಮುಖವನ್ನು ನಾನು ನೋಡಲಾರದೆ ಹೋದೆ. ಮಾವ ಅಲ್ಲೇ ಕೂತು, ಕಟ್ಟಿ ತಂದ ಬುತ್ತಿ ಬಿಚ್ಚಿ, ಆ ಕೂಗಾಟದ ನಡುವೆ ಶಾಂತವಾಗಿ ಎರಡು ರೊಟ್ಟಿ ಉಂಡರು. ಅತ್ತೆಗೂ ಅದರಲ್ಲೇ ಒಂದು ಮುರಿದು ಕೊಟ್ಟರು. ಬರುವಾಗ ಕಾರಿನಲ್ಲಿ, "ಇರ್ಲಿ. ಒಂದ ಸಲಾ ಅಂದಿದ್ದೆ, ಬಂದೆ," ಎಂದರು. ಸಿಟ್ಟಿನಿಂದಲ್ಲ; ಲೆಕ್ಕ ಚುಕ್ತಾ ಆಯಿತು ಎನ್ನುವ ದನಿಯಲ್ಲಿ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ಮುಂದಿನ ಶನಿವಾರ ನಾವಿಬ್ಬರೇ ಹೋದೆವು. ಹುಡುಗಿ ಪೇಚಾಡಿದಳು, ಒಂದು ಫೋನ್ ಮಾಡಿದ್ದರೆ ಬಂದು ಬರೀ ಬಾಯಲ್ಲಾದರೂ ಹಾಡುತ್ತಿದ್ದೆ ಎಂದಳು. ಇನ್ನೊಮ್ಮೆ ಮಾವನನ್ನು ಕರೆಯಿರಿ ಎಂದು ನಾನು ಗಂಟುಬಿದ್ದೆ. ಅತ್ತೆ ತಲೆಯಾಡಿಸಿದರು. "ನಾ ಕೇಳಿದ್ದು ಬರ್ರಿ ಅಂತ. ಅವ್ರು ಬಂದ್ರು. ಜೀವಮಾನದಾಗ ಹೋಟೆಲಿನ ಮೆಟ್ಟಲಾ ಹತ್ತದವ್ರು ನನ್ನ ಸಲುವಾಗಿ ಹತ್ತಿದ್ರು. ಮತ್ತ ಕರದ್ರ, ಆವತ್ತ ಬಂದಿದ್ದು ಏನೂ ಅಲ್ಲ ಅಂದಂಗಾತು." ನನಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಆದರೂ ಅವರ ಮುಂದೆ ನನ್ನ ವಾದ ನಡೆಯುವಂಥದ್ದಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದ ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕೂತು, ಎದೆ ಹಿಡಿದಂತಾಗಿದೆ ಎಂದರು. ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ವಿಜಯಪುರ ಮುಟ್ಟಲಿಲ್ಲ. ತೊರವಿಯ ಹತ್ತಿರ, ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋದರು.

ಬಂದ ನೆಂಟರೆಲ್ಲ ಹೋಗಿ ಮನೆ ಖಾಲಿಯಾದ ಮೇಲೆ ನಾನು ದವಾಖಾನೆ ತೆರೆದೆ. ಶನಿವಾರಗಳಂದೂ ಬಾಗಿಲು ಹಾಕಿದವಳೇ ನೆಟ್ಟಗೆ ತಿಕೋಟಾಕ್ಕೆ ಬರುತ್ತಿದ್ದೆ. ಹಾಗೆ ಬಂದ ಒಂದು ಸಂಜೆ ಮಾವ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಚಹಾ ಕೊಟ್ಟೆ. ಅವರು ನನ್ನನ್ನು ನೋಡದೆ ಮಾತು ತೆಗೆದರು.

"ಆವತ್ತ ಮ್ಯಾಚ್ ಇತ್ತಲ್ಲ, ಅದರ ಮುಂದಿನ ವಾರ ಮತ್ತ ಕರೀತಾಳ ಅಂತ ತಿಳದಿದ್ದೆ. ಧೋತರಾ ತಗದ ಇಟ್ಟಿದ್ದೆ. ಅಕಿ ಚಪ್ಪಲಿ ಮೆಟ್ಟಿ ಹೊಂಟ ಹೋದ್ಲು. ಅದರ ಮುಂದಿನ ವಾರಾನೂ ಕರೀಲಿಲ್ಲ. ಒಂದ ಸಲಾ ಅಂತ ನಾನ ಅಂದಿದ್ನೆಲ್ಲಾ, ನಾನ ಹೆಂಗ ಬರ್ತೀನಿ ಅನ್ಲಿ?"

ಅತ್ತೆ ಏಕೆ ಕರೆಯಲಿಲ್ಲವೆಂಬುದು ನನಗೆ ಗೊತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಏನಾದರೂ ಅನ್ನಬೇಕೆಂದು, "ಬರೂ ಶನಿವಾರ ಹೋಗೂಣ್ರಿ ಮಾವಾ. ಬುತ್ತಿ ನಾ ಕಟ್ತೀನಿ. ಆ ಹುಡುಗಿ ಇನ್ನೂ ಹಾಡ್ತಾಳ್ರಿ," ಎಂದೆ.

ಮಾವ ಇಲ್ಲವೆಂದು ಕೈಯಾಡಿಸಿದರು.

"ನನಗ ಹಾಡ ಎಲ್ಲಿ ತಿಳೀತೈತಿ ಯವ್ವಾ? ಅಕಿ ಕೇಳೂದನ್ನ ನೋಡಾಕ ಬರಾವಿದ್ದೆ."