ನಿಜಲಿಂಗಪ್ಪನ ಮಣ್ಣು

ಲಂಡನ್ನಿನ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಕಾರ್ಖಾನೆಯ ಕ್ಯಾಂಟೀನಿಗೆ ಹಸಿರು ಟ್ರೇಗಳನ್ನು ತರಿಸಿದ್ದೇ ತಪ್ಪಾಯಿತು. ತರಿಸಿದವರು ಮೇಲಿನ ಆಫೀಸಿನವರು ಯಾರೋ. ಅನುಭವಿಸಿದವಳು ಕೌಂಟರಿನ ಹಿಂದೆ ನಿಲ್ಲುವ ಪಾರ್ವತೆವ್ವ. ಲಾರಿಗೆ ಸರಕು ತುಂಬುವ ಗಾರ್ಡನ್ ಮತ್ತು ಅವನ ಮೇಜಿನವರು ಗ್ಲಾಸ್ಗೋದ ನೀಲಿ ಫುಟ್‌ಬಾಲ್ ತಂಡದ ಭಕ್ತರು. ಹಸಿರು ಎದುರಾಳಿ ತಂಡದ ಬಣ್ಣ. ಆದ್ದರಿಂದ ಅವರು ಆ ಟ್ರೇ ಮುಟ್ಟುತ್ತಿರಲಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಹಾ, ಕಂಕುಳಲ್ಲಿ ಬ್ರೆಡ್ಡು ಹಿಡಿದು, ಅರ್ಧ ಚಹಾ ನೆಲಕ್ಕೆ ಚೆಲ್ಲುತ್ತ ಮೇಜಿಗೆ ಹೋಗುತ್ತಿದ್ದರು. ಆ ನೆಲ ಒರೆಸುವವಳೂ ಪಾರ್ವತೆವ್ವನೇ.

"ಟ್ರೇ ಬ್ಯಾಡ, ಬಟಾಣಿ ಬೇಕು. ಬಟಾಣಿಗೇನು ಬಣ್ಣ ಇಲ್ಲೇನೋ ಗಾರ್ಡನ್?"

"ಬಟಾಣಿ ಬೇರೆ, ಪಾರ್ವತಿ."

"ಹ್ಞೂಂ, ಬೇರೆ. ನಿನ್ನ ಹೊಟ್ಟ್ಯಾಗ ಹೋಗಿ ಅದು ನೀಲಿ ಆಗ್ತದ."

ಇದೆಲ್ಲವನ್ನೂ ಅವಳು ಇಂಗ್ಲಿಷಿನಲ್ಲೇ ಹೇಳುತ್ತಿದ್ದಳು. ಆದರೆ ಆ ಇಂಗ್ಲಿಷಿನ ಒಳಗೆ ಅವಳ ಊರು ಬೈಲಹೊಂಗಲದ ಸಂತೆ ಕೂತಿತ್ತು. ಎದುರಿನ ಕಿಟಕಿಯ ಹತ್ತಿರ ಡೆಕ್ಲನ್ ಮತ್ತು ಅವನ ಹಸಿರು ಪಂಗಡ ಕೂರುತ್ತಿತ್ತು. ಅವನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವನು, ಪ್ಯಾಕಿಂಗ್ ವಿಭಾಗದವನು. ನೀಲಿಯವರು ಪ್ರಾಟೆಸ್ಟಂಟರು, ಹಸಿರಿನವರು ಕ್ಯಾಥೊಲಿಕರು. ಎರಡೂ ಕಡೆಯವರು ಚರ್ಚಿಗೆ ಹೋದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ದೇವರನ್ನು ಬಿಟ್ಟು ಜಗಳವನ್ನಷ್ಟೇ ಇಟ್ಟುಕೊಂಡ ಜನ ಎಂದು ಪಾರ್ವತೆವ್ವ ತೀರ್ಮಾನಿಸಿದ್ದಳು. ಸಾಲಿನಲ್ಲಿ ಮುಂದೆ ನಿಂತವನು ಎದುರು ಪಂಗಡದವನಾದರೆ, ಹಿಂದಿನವನು ಒಂದು ಮೊಳ ಜಾಗ ಬಿಟ್ಟು ನಿಲ್ಲುತ್ತಿದ್ದ.

ನವೆಂಬರ್ ಬಂದರೆ ಹುಚ್ಚು ನೆತ್ತಿಗೇರುತ್ತಿತ್ತು. ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆಂದು ಕೆಂಪು ಕಾಗದದ ಹೂಗಳ ಡಬ್ಬಿ ಕೌಂಟರಿನ ಮೇಲೆ ಬಂದು ಕೂರುತ್ತಿತ್ತು. ಗಾರ್ಡನ್ ಯಾರ ಎದೆಯ ಮೇಲೆ ಹೂವಿದೆ, ಯಾರ ಎದೆಯ ಮೇಲಿಲ್ಲ ಎಂದು ನೋಡುತ್ತ ಓಡಾಡುತ್ತಿದ್ದ. ಬೆಲ್‌ಫಾಸ್ಟ್‌ನ ನಮ್ಮ ಬೀದಿಯಲ್ಲಿ ಗುಂಡು ಹಾರಿಸಿದ ಬ್ರಿಟಿಷ್ ಸೈನ್ಯದ ಹೂವನ್ನು ನಾವು ಮುಡಿಯುವುದಿಲ್ಲ ಎಂದು ಡೆಕ್ಲನ್ ಆ ಡಬ್ಬಿಗೆ ಬೆನ್ನು ತಿರುಗಿಸುತ್ತಿದ್ದ. ಅದು ಗಸಗಸೆ ಗಿಡದ ಹೂವು ಎಂದು ಮಗಳು ರಜನಿ ಹೇಳಿದಾಗ ಪಾರ್ವತೆವ್ವನಿಗೆ ನಗು ತಡೆಯಲಾಗಲಿಲ್ಲ. ಗಸಗಸೆ ಪಾಯಸ ಕುಡಿದರೆ ಊರಲ್ಲಿ ಜನ ಮಲಗುತ್ತಿದ್ದರು. ಇಲ್ಲಿನವರಿಗೆ ಗಸಗಸೆ ಕಂಡರೆ ಮೈಮೇಲೆ ಬರುತ್ತಿತ್ತು.

ಇಬ್ಬರೂ ಸತ್ತವರ ಬಗ್ಗೆಯೇ ಮಾತಾಡುತ್ತಿದ್ದರು. ಆದರೆ ಸತ್ತವನೊಬ್ಬನ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಅವಳು ಕೇಳಿರಲಿಲ್ಲ.

ಅವಳ ಬಳಿ ಒಂದು ಹೆಸರಿತ್ತು. ಅವಳ ಅಪ್ಪ ನಿಜಲಿಂಗಪ್ಪ, ಅವಳಿನ್ನೂ ತೊಟ್ಟಿಲಲ್ಲಿದ್ದಾಗ ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳಗಾವಿಯಲ್ಲಿ ಬ್ರಿಟಿಷರ ಸೈನ್ಯ ಸೇರಿ ಹಡಗು ಹತ್ತಿದವನು ತಿರುಗಿ ಬರಲಿಲ್ಲ. ಇಟಲಿಯಲ್ಲಿ ಸತ್ತ ಎಂಬ ತಂತಿಯೊಂದೇ ಬಂತು. ಮುಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರನನ್ನು ಅವಳು ಮದುವೆಯಾದಳು. ಅವನು ಲಂಡನ್ನಿನ ಬಸ್ ಗ್ಯಾರೇಜಿಗೆ ಬಂದ, ಹಿಂದೆಯೇ ಅವಳೂ ಬಂದಳು. ಈಗ ಅವನೂ ಇಲ್ಲ. ಮಗಳಿರುವುದು ಲಂಡನ್ನಿನದೇ ಇನ್ನೊಂದು ಮೂಲೆಯಾದ ಸ್ಟ್ಯಾನ್ಮೋರ್‌ನಲ್ಲಿ.

೧೯೯೮ರ ಶರತ್ಕಾಲದಲ್ಲಿ ರಜನಿ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದಳು. ಆ ಭಾನುವಾರ ತಾಯಿಯ ಫ್ಲ್ಯಾಟಿಗೆ ಬಂದು, ಕೋಟು ತೆಗೆಯದೆ ಕೂತಳು.

"ಅವ್ವಾ, ಅಜ್ಜನ ಹೆಸರು ಸಿಕ್ತು. ಇಟಲಿಯೊಳಗ ಒಂದು ಕಲ್ಲಿನ ಮ್ಯಾಲೆ ಅದ. ಆದ್ರ ಗ್ರೇವ್ ಇಲ್ಲ."

"ಯಾಕ ಇಲ್ಲ?"

"ಕ್ರಿಮೇಟ್ ಮಾಡ್ಯಾರ. ಹಿಂದೂ ಅಂತ ರೆಕಾರ್ಡ್ ಇತ್ತಲ್ಲ, ಹಿಂದೂ ಅಂದ್ರ ಸುಡೋದು ಅಂತ ಅವರ ಲೆಕ್ಕ."

"ನಮ್ಮೊಳಗ ಸುಡಂಗಿಲ್ಲ, ಹೂಳ್ತಾರ ಅಂತ ಒಬ್ಬರೂ ಹೇಳಲಿಲ್ಲೇನು?"

"ಯುದ್ಧದಾಗ ಯಾರು ಹೇಳ್ಬೇಕವ್ವಾ?"

ಬೈಲಹೊಂಗಲದ ಕಡೆ ಸಾವಿಗೆ ಹೋಗುವುದನ್ನು 'ಮಣ್ಣಿಗೆ ಹೋಗುವುದು' ಎನ್ನುತ್ತಾರೆ. ಲಿಂಗಾಯತರು ಸತ್ತವರನ್ನು ಕುಳ್ಳಿರಿಸಿ ಹೂಳುತ್ತಾರೆ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಮನೆಯವರಷ್ಟೇ ಹಾಕಿದರೆ ಅದು ಮಣ್ಣಲ್ಲ, ಊರು ಬರಬೇಕು, ಮಾತು ಬಿಟ್ಟವರೂ ಬರಬೇಕು ಎಂದು ಪಾರ್ವತೆವ್ವನ ತಾಯಿ ಹೇಳುತ್ತಿದ್ದಳು. ಗಂಡ ಎಲ್ಲೋ ಮಣ್ಣಲ್ಲಿ ಇದ್ದಾನೆಂದು ನಂಬಿಯೇ ಆಕೆ ಸತ್ತಿದ್ದಳು. ಅಪ್ಪನಿಗೆ ಮಣ್ಣು ಸಿಕ್ಕಿಲ್ಲ ಎಂಬುದು ಈಗ ಪಾರ್ವತೆವ್ವನ ಎದೆಯಲ್ಲಿ ಕಲ್ಲಾಗಿ ಕೂತಿತು. ಕೊಡಿಸಬೇಕು, ಅದೂ ನಾಲ್ಕು ಜನರ ಕೈಯಿಂದ.

ಮೊದಲು ಲಂಡನ್ನಿನ ಕನ್ನಡ ಸಂಘದವರನ್ನೇ ಕೇಳಿದಳು. ರಾಜ್ಯೋತ್ಸವದ ಸಮಾರಂಭದಲ್ಲಿ ಅಪ್ಪನ ಹೆಸರು ಹೇಳಿ ಒಂದು ನಿಮಿಷ ನಿಲ್ಲಿ ಎಂದಳು. ಸಂಘದ ಅಧ್ಯಕ್ಷ ಸಿದ್ದಲಿಂಗಪ್ಪ ಶಾಲು ಸರಿಮಾಡಿಕೊಂಡ. "ನೋಡಿ ಅಮ್ಮ, ಅವರು ಬ್ರಿಟಿಷರ ಸಂಬಳಕ್ಕೆ ಹೋದವರು. ಒಬ್ಬರ ಹೆಸರು ಹೇಳಿದ್ರೆ ನಾಳೆ ಎಲ್ಲಾ ಜಾತಿಯವರೂ ಕೇಳ್ತಾರೆ." ಆಮೇಲೆ ದನಿ ತಗ್ಗಿಸಿದ. "ಅಂದಹಾಗೆ, ನೀವು ಲಿಂಗಾಯತರಲ್ಲಿ ಯಾರು?"

"ಕ್ಯಾಂಟೀನಿನವರು," ಎಂದು ಎದ್ದು ಬಂದಳು.

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರು, ನವೆಂಬರ್ ಹನ್ನೊಂದನೇ ತಾರೀಕು ಸತ್ತ ಸೈನಿಕರಿಗಾಗಿ ಮೌನ ನಿಲ್ಲುವುದಕ್ಕೆ ಮುಂಚೆ ನೌಕರರ ಮನೆಯ ಸತ್ತವರ ಹೆಸರು ಓದಬಹುದು ಎಂದ. ಓದುವ ಹೊಣೆಯನ್ನು ಗಾರ್ಡನ್ ತಾನೇ ಮೈಮೇಲೆ ಹಾಕಿಕೊಂಡ. ಪಾರ್ವತೆವ್ವನ ಅಪ್ಪ ರಾಜನ ಸೈನ್ಯದಲ್ಲಿ ಸತ್ತವನೆಂದು ತಿಳಿದಾಗ ಲಾಟರಿ ಹೊಡೆದವನ ಹಾಗೆ ಕುಣಿದ.

"ನೋಡ್ರೋ! ಪಾರ್ವತಿಯ ಅಪ್ಪ ಇಂಡಿಯಾದಿಂದ ಬಂದು ಸತ್ತ, ನಿಮಗೆ ಒಂದು ಹೂವು ಮುಡಿಯೋಕೆ ಆಗಲ್ಲ."

"ಬಂದದ್ದಲ್ಲ, ತಂದದ್ದು," ಎಂದ ಡೆಕ್ಲನ್. "ಪಾಪ, ಕುರಿ ಹಾಗೆ ತುಂಬಿಕೊಂಡು ಹೋದರು."

ಅಪ್ಪನನ್ನು ಒಬ್ಬ ಬಾವುಟ ಮಾಡಿದ, ಇನ್ನೊಬ್ಬ ಕುರಿ ಮಾಡಿದ. ಪಾರ್ವತೆವ್ವ ಸೌಟು ಕೆಳಗಿಟ್ಟಳು.

"ಹೆಸರು ಹ್ಯಾಂಗ ಓದ್ತಿ ಗಾರ್ಡನ್?"

ಗಾರ್ಡನ್ ತುಟಿ ಆಡಿಸಿ ನೋಡಿದ. "ನಿಜ್... ನೈಜ್... ನೈಜಲ್ ಅಂತ ಓದಿದರೆ ಹೇಗೆ? ಎಲ್ಲರಿಗೂ ಸುಲಭ."

"ನಿಮ್ಮಪ್ಪನ ಹೆಸರು ಗುರುಪಾದಪ್ಪ ಅಂತ ನಾ ಓದ್ಲೇನು? ನನಗ ಸುಲಭ."

ಕೊನೆಗೆ ಓದುವ ಪ್ರಸಂಗವೇ ಬರಲಿಲ್ಲ. ನಮ್ಮ ಬೀದಿಯಲ್ಲಿ ಸತ್ತವರ ಹೆಸರನ್ನೂ ಓದಿ ಎಂದು ಡೆಕ್ಲನ್ ಪಟ್ಟು ಹಿಡಿದ, ಅವರು ಸೈನಿಕರಲ್ಲ ಎಂದು ಗಾರ್ಡನ್ ಕುರ್ಚಿ ಒದ್ದ. ಆ ವರ್ಷವೇ ಬೆಲ್‌ಫಾಸ್ಟ್‌ನಲ್ಲಿ ದೊಡ್ಡವರೆಲ್ಲ ಕೂತು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಕ್ಯಾಂಟೀನಿಗೆ ಆ ಸುದ್ದಿ ತಲುಪಿರಲಿಲ್ಲ. ಮ್ಯಾನೇಜರು ಬೆದರಿ, ಹೆಸರು ಓದುವುದನ್ನು ರದ್ದು ಮಾಡಿದ.

ಹತ್ತನೇ ತಾರೀಕು ಪಾರ್ವತೆವ್ವ ಎರಡೂ ಮೇಜಿಗೆ ಹೋದಳು. "ನಾಳೆ ಹನ್ನೊಂದಕ್ಕ ಹಿಂದಿನ ಅಂಗಳದಾಗ ನಮ್ಮಪ್ಪನ ಮಣ್ಣು ಅದ. ಬರ್ರಿ. ಬರದವರಿಗೆ ನಾಳೆ ಚಹಾ ಇಲ್ಲ." 'ಮಣ್ಣು' ಎಂಬುದಕ್ಕೆ ಅವಳು ಬಳಸಿದ ಇಂಗ್ಲಿಷ್ ಪದ ತೋಟದ ಮಣ್ಣಿನದು.

ಮರುದಿನ ಕಸದ ಡಬ್ಬಿಗಳಿಗೂ ರೈಲಿನ ಬೇಲಿಗೂ ನಡುವೆ, ಅವಳು ಅಗೆದಿದ್ದ ಸಣ್ಣ ಗುಂಡಿಯ ಹತ್ತಿರ ಗಾರ್ಡನ್, ಡೆಕ್ಲನ್ ಇಬ್ಬರೂ ಬಂದರು. ಚಹಾದ ಆಸೆ ದೊಡ್ಡದು. ಗುಂಡಿಯೊಳಗೆ ವಿಭೂತಿ ಹಚ್ಚಿದ ಒಂದು ಕಲ್ಲನ್ನು ಕುಳ್ಳಿರಿಸಿದ್ದಳು. ಗಾರ್ಡನ್ ತೋಟದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ಹೊತ್ತು ತಂದಿದ್ದ.

"ಮಣ್ಣು ಕಡಿಮೆ ಬಿದ್ದಿರಬೇಕು ಅಂದ್ಕೊಂಡೆ," ಎಂದ.

ಅವಳ ಕಣ್ಣು ಒಂದು ಗಳಿಗೆ ತೇವವಾಯಿತು. ಡೆಕ್ಲನ್ ಬಗ್ಗಿ ಚೀಲದ ಮೇಲಿನ ಅಕ್ಷರ ಓದಿದ.

"ಐರಿಶ್ ಮಣ್ಣು. ನಮ್ಮ ನೆಲ ಅಗೆದು ಚೀಲಕ್ಕೆ ತುಂಬಿ ನಮಗೇ ತೋರಿಸ್ತಿದಾನೆ."

ಗಾರ್ಡನ್ ಚೀಲವನ್ನು ಹಾವು ಕಂಡವನಂತೆ ಕೆಳಗೆ ಬಿಟ್ಟ. ಜಗಳ ಶುರುವಾಯಿತು, ಗುಂಡಿಯ ಅಂಚಿನಲ್ಲೇ.

"ಬಾಯಿ ಮುಚ್ಚರಿ," ಎಂದಳು ಪಾರ್ವತೆವ್ವ. "ಯಾರಿಗೆ ಮಣ್ಣು ಹಾಕ್ತೀರಿ, ಅವನ ಹೆಸರು ಹೇಳಿ ಹಾಕ್ರಿ."

"ನೈಜ..." ಎಂದ ಒಬ್ಬ. "ನಿಂಜ..." ಎಂದ ಇನ್ನೊಬ್ಬ.

"ನಡೀರಿ ಒಳಗ."

ರಜನಿ ಆಫೀಸಿಗೆ ರಜೆ ಹಾಕಿ ಬಂದಿದ್ದಳು. ತಾಯಿ ಮಗಳು ಇಬ್ಬರೇ ಹಾಕಿದರು. ಪೂರ್ತಿ ಮುಚ್ಚಲಿಲ್ಲ. ಗಾರ್ಡನ್, ಡೆಕ್ಲನ್ ಪಾಲಿನ ಎರಡು ಹಿಡಿ ಮಣ್ಣನ್ನು ಪಾರ್ವತೆವ್ವ ಮಾರ್ಗರೀನ್ ಡಬ್ಬಿಯಲ್ಲಿ ತುಂಬಿ ಕೌಂಟರಿನ ಕೆಳಗಿಟ್ಟಳು. ಚಹಾ ಮಾತ್ರ ಇಬ್ಬರಿಗೂ ಕೊಟ್ಟಳು, ಬಂದದ್ದಂತೂ ನಿಜ.

ಚಳಿಗಾಲವಿಡೀ ಅವರಿಗೆ ಹೊಸ ಪಂದ್ಯ ಸಿಕ್ಕಿತು. ಚಿಪ್ಸಿನ ಸಾಲಿನಲ್ಲಿ ನಿಂತು ಗಾರ್ಡನ್ ಆ ಹೆಸರನ್ನು ತುಟಿಯೊಳಗೇ ಗೊಣಗುತ್ತಿದ್ದ. ಒಂದು ಮೊಳ ಹಿಂದೆ ನಿಂತ ಡೆಕ್ಲನ್ ತಿದ್ದುತ್ತಿದ್ದ, ಅದೂ ತಪ್ಪಾಗಿ. ಸತ್ತವನ ಮೇಲಿನ ಗೌರವ ಅದರಲ್ಲಿ ಎಳ್ಳಷ್ಟೂ ಇಲ್ಲ, ಎದುರಿನವನು ಮೊದಲು ಕಲಿತುಬಿಟ್ಟಾನು ಎಂಬ ಸಂಕಟವಷ್ಟೇ ಎಂದು ಪಾರ್ವತೆವ್ವನಿಗೆ ಗೊತ್ತಿತ್ತು. ಇರಲಿ ಎಂದುಕೊಂಡಳು. ಊರಲ್ಲೂ ಮಣ್ಣಿಗೆ ಬರುವವರೆಲ್ಲ ಪ್ರೀತಿಯಿಂದ ಬರುತ್ತಿರಲಿಲ್ಲ, ಇನ್ನೊಬ್ಬರು ಹೋದರೆಂದು ಬರುತ್ತಿದ್ದರು.

ಮಾರ್ಚಿನ ಒಂದು ಮಧ್ಯಾಹ್ನ ಗಾರ್ಡನ್ ಖಾಲಿ ತಟ್ಟೆ ಮುಂದಿಟ್ಟು, "ನಿಜಲಿಂಗಪ್ಪ," ಎಂದ. ಹಿಂದಿನಿಂದ ಡೆಕ್ಲನ್, "ನಿಜಲಿಂಗಪ್ಪ. ಇದನ್ನು ನಾನು ಸೋಮವಾರವೇ ಹೇಳಿದ್ದೆ," ಎಂದ.

ಪಾರ್ವತೆವ್ವ ಕೌಂಟರಿನ ಕೆಳಗಿನ ಮಣ್ಣಿನ ಡಬ್ಬಿ ತೆಗೆದುಕೊಂಡು ಹಿಂದಿನ ಬಾಗಿಲಿಗೆ ನಡೆದಳು. ಇಬ್ಬರೂ ಹಿಂಬಾಲಿಸಿದರು. ಒಬ್ಬರ ಮುಖ ಒಬ್ಬರು ನೋಡದೆ, ಹೆಸರು ಹೇಳಿ, ಒಂದೊಂದು ಹಿಡಿ ಹಾಕಿದರು. ಗುಂಡಿ ನೆಲದ ಮಟ್ಟಕ್ಕೆ ಬಂತು. ಅವಳು ಅಂಗೈಯಿಂದ ತಟ್ಟಿ ಸಮ ಮಾಡಿದಳು. ಎದೆಯ ಕಲ್ಲು ಕರಗಿತು.

"ಮಣ್ಣಿಗೆ ಬಂದವರು ಕೈ ತೊಳೀದ ಒಳಗ ಬರಂಗಿಲ್ಲ," ಎಂದಳು.

ಅಂಗಳದಲ್ಲಿದ್ದದ್ದು ಒಂದೇ ನಲ್ಲಿ. ಗಾರ್ಡನ್ ತೊಳೆದ. ಆಮೇಲೆ ಡೆಕ್ಲನ್ ಹೋದ. ಆದರೆ ಕೂಡಲೇ ಕೈ ಒಡ್ಡಲಿಲ್ಲ. ಗಾರ್ಡನ್ ಮುಟ್ಟಿದ ನಲ್ಲಿಯ ತಲೆಗೆ ನೀರು ಚಿಮುಕಿಸಿ, ಹೆಬ್ಬೆರಳಿನಿಂದ ಉಜ್ಜಿ, ಒಂದಷ್ಟು ನೀರು ಹರಿಯಬಿಟ್ಟ. ಬೈಲಹೊಂಗಲದ ಬಾವಿಕಟ್ಟೆಯಲ್ಲಿ, ಯಾರೋ ಮುಟ್ಟಿದರೆಂದು ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಹೆಂಗಸರೂ ಹೀಗೇ ಮುಖ ಗಂಟಿಕ್ಕಿಕೊಂಡು ತಿಕ್ಕುತ್ತಿದ್ದರು.

ಊರು ಬಂತು ಅಪ್ಪಾ, ಹೆಂಗಿತ್ತೋ ಹಂಗ ಬಂತು, ಎಂದುಕೊಂಡಳು ಪಾರ್ವತೆವ್ವ. ಚಹಾಕ್ಕೆ ನೀರಿಡಲು ಒಳಗೆ ಹೋದಳು.