ಬರೇ ಹಗ್ಗ ಹಿಡಿದವರು

ರಾಯಚೂರಿನ ಪೊಲೀಸ್ ನಾಯಿಗೆ ವಾಸನೆ ಹಿಡಿಯೋದು ಕಲಿಸಿದವನೇ ನಾನು. ಸುಳ್ಳು ಹೇಳಿದೆರೀ! ಚಹಾ ಕುಡೀತಾ ಖರೇದು ಹೇಳ್ತೀನಿ, ಕೇಳ್ರಿ. ಎಂಬತ್ತನೇ ಇಸವಿ ಸುಮಾರಿಗೆ ನಾನು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಲಾರಿ ಓಡಿಸುತ್ತಿದ್ದೆ. ಅಲ್ಲಿ ಕಳವಾಯಿತು. ಪೊಲೀಸರು ನಾಯಿಗೆ ಒಡೆದ ಬೀಗ ಮೂಸಿಸಿದರು. ದಿನಾ ಬೆಳಿಗ್ಗೆ ಆ ಬೀಗ ತೆಗೆಯುತ್ತಿದ್ದವನು ಹಮಾಲ ಹುಸೇನಪ್ಪ. ನಾಯಿ ನೆಟ್ಟಗೆ ಹೋಗಿ ಅವನ ಬಲಗೈ ಹರಿದುಹಾಕಿತು. ಕಳ್ಳ ಆಮೇಲೆ ದೇವದುರ್ಗದಲ್ಲಿ ಸಿಕ್ಕ. ಹುಸೇನಪ್ಪನ ಕೈ ಮತ್ತೆ ಚೀಲ ಎತ್ತಲಿಲ್ಲ.

ಮೈಯೆಲ್ಲ ಉರಿದು ಅವನನ್ನು ಕರೆದುಕೊಂಡು ಠಾಣೆಗೆ ಹೋದೆ. "ಸಾಹೇಬ್ರ, ಇವನ ಕೈಗೆ ಯಾರು ಜವಾಬ್ದಾರಿ?"

"ನಾಯಿ ಮ್ಯಾಲ ಕೇಸ್ ಹಾಕಾಕ ಬರಂಗಿಲ್ಲಲೇ," ಅಂದ ಫೌಜದಾರ.

"ಅದನ್ನ ಹಿಡಕೊಂಡು ಬಂದ ಪೊಲೀಸಪ್ಪ?"

"ಕಚ್ಚಿದ್ದು ನಾಯಿ. ಅವ ಬರೇ ಹಗ್ಗ ಹಿಡಿದಿದ್ದ."

"ಹಂಗಾದ್ರ ಹಗ್ಗದ ಮ್ಯಾಲ ಕೇಸ್ ಬರಕೊಳ್ರಿ!" ಅಂದೆ. ಹೊರಗೆ ದಬ್ಬಿದರು.

ಆ ಕಾನೂನು ನನಗೆ ಇವತ್ತಿಗೂ ಬಾಯಿಪಾಠ. ಈ ಚಹಾದ ದುಡ್ಡು ನೀವೇ ಕೊಡ್ರಿ. ಕುಡಿದದ್ದು ಬಾಯಿ, ನಾನು ಬರೇ ಕಪ್ ಹಿಡಿದಿದ್ದೆ.